ಪಿಟೀಲಿನ ಕೆಳಗಿನ ಮಾತು

ದೇವರಾಜ ಅರಸು ಬಡಾವಣೆ,
ದಾವಣಗೆರೆ

ಸುಧಾ ಮೇಡಂ ಅವರಿಗೆ ನಮಸ್ಕಾರ.

ಹಿನ್ನೆಲೆ ಸಂಗೀತದ ಪಾಠದಲ್ಲಿ ನೀವು ತೋರಿಸಿದ ಟಿವಿ ಸುದ್ದಿಯ ಬಗ್ಗೆ ನಾನೊಬ್ಬಳೇ ಬರೆದುಕೊಟ್ಟಿಲ್ಲ. ಯಾಕೆಂದು ಕೇಳಿದ್ದಿರಿ.

ಹರಿಹರದ ಹೊಳೆ ದಂಡೆಯಲ್ಲಿ ಕೈ ಬೀಸುತ್ತಿರುವ ಆ ಹೆಂಗಸು ನನ್ನ ಅಮ್ಮ. ಅವಳು ಗೋಳಾಡುತ್ತಿದ್ದಾಳೆ ಎಂದೇ ತರಗತಿಯವರೆಲ್ಲ ಬರೆದಿದ್ದಾರೆ. ಸುದ್ದಿಯವರು ಹಿನ್ನೆಲೆಗೆ ಹಾಕಿದ ಪಿಟೀಲು ಹಾಗೆ ಹೇಳುತ್ತದೆ. ಅಮ್ಮ ಆಗ ಅಳುತ್ತಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಮುಳುಗಿದ ಅಣ್ಣನನ್ನು ಹುಡುಕಲು ನೀರಿಗಿಳಿದವರಿಗೆ ಕೂಗಿ ಹೇಳುತ್ತಿದ್ದಳು: "ಅಲ್ಲಿ ಬ್ಯಾಡ್ರಿ, ಆ ಬಂಡೆ ಹತ್ರ ನೋಡ್ರಿ. ನನ್ ಮಗ ದಿನಾ ಅಲ್ಲೇ ಈಜೋದು."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಅಣ್ಣ ಆ ಬಂಡೆಯ ಹತ್ತಿರವೇ ಸಿಕ್ಕಿದ.

ತರಗತಿಯಲ್ಲಿ ಇದನ್ನು ಹೇಳಬೇಡಿ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮೇಡಂ. ಪಿಟೀಲಿನ ಕೆಳಗೆ "ಬಂಡೆ ಹತ್ರ" ಎಂಬುದು ಸಣ್ಣಗೆ ಕೇಳಿಸುತ್ತದೆ. ನಾನು ಬರೆಯಬೇಕಿದ್ದದ್ದು ಅಷ್ಟೇ.

ನಿಮ್ಮ ವಿದ್ಯಾರ್ಥಿನಿ,
ಕೀರ್ತನಾ