ಸೈಕಲ್ ದಾರಿಗೆ ಎದ್ದು ನಿಂತವರು

ಮಾರ್ಚ್ 3, ಸೋಮವಾರ

ಮೊಟ್ಟೆ ದೋಸೆ ಹಿಟ್ಟು ಇವತ್ತು ತೀರಾ ನೀರಾಯಿತು. ಯಾರೂ ದೂರಲಿಲ್ಲ. ದೂರಲು ಯಾರಿಗೆ ಪುರುಸೊತ್ತು? ಸ್ಕೂಟರಿನಿಂದ ಇಳಿಯುವುದೇ ಇಲ್ಲ ಈ ಜನ. ಒಂದು ಕಾಲು ರಸ್ತೆಗೆ ಊರಿ, ಹೆಲ್ಮೆಟ್ಟಿನ ಒಳಗಿಂದಲೇ ಕೂಗು — "ಅಕ್ಕಾ, ಎರಡು, ಖಾರ ಬೇಡ!" ತೈವಾನಿನ ತೈನಾನ್ ಊರಿನ ಈ ಬೀದಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮ ಬೆಳಗಿನ ತಿಂಡಿ ಅಂಗಡಿ ನಡೆದಿರುವುದೇ ಹೀಗೆ.

ಈಗ ಪಾಲಿಕೆಯವರು ಅಂಗಡಿ ಮುಂದೆ ಸೈಕಲ್ ದಾರಿ ಮಾಡುತ್ತಾರಂತೆ. ಅಲ್ಲಿ ಸ್ಕೂಟರ್ ನಿಲ್ಲಿಸುವಂತಿಲ್ಲ. ಬೀದಿಯವರು ಒಪ್ಪಿದರೆ ಮಾತ್ರವಂತೆ. ನಾನಂತೂ ಒಪ್ಪುವವಳಲ್ಲ.

ಅತ್ತೆ ಆಗಲೇ ಒಪ್ಪಿಬಿಟ್ಟಿದ್ದಾರೆ. ಎಂಬತ್ತರ ಹತ್ತಿರ ಬಂದರೂ ದಿನಾ ಸೈಕಲ್ಲಿನಲ್ಲೇ ಮಾರ್ಕೆಟ್ಟಿಗೆ ಹೋಗುವ ಹೆಂಗಸು. ಒಂದೇ ಮನೆ, ಎರಡು ಪಕ್ಷ.

ಮಾರ್ಚ್ 6, ಗುರುವಾರ. ಸಂಜೆ

ಕಸದ ಗಾಡಿಗೆ ಕಾಯುತ್ತಾ ಇಡೀ ಬೀದಿ ಚೀಲ ಹಿಡಿದು ದೇವಸ್ಥಾನದ ಮುಂದೆ ನಿಂತಿರುತ್ತದೆ. ಗಾಡಿಯ ಹಾಡು ಕೇಳಿಸುವವರೆಗೆ ಯಾರೂ ಕದಲುವಂತಿಲ್ಲ. ಅತ್ತೆ ಪ್ರಚಾರ ಶುರು ಮಾಡಿದ್ದು ಅಲ್ಲೇ. ಕಿಲಾಡಿ!

ಪಕ್ಕದ ಸ್ಕೂಟರ್ ಮೆಕ್ಯಾನಿಕ್ ಔಯಾಂಗ್ ರೇಗಿದ. "ಅಜ್ಜೀ, ಸೈಕಲ್ ದಾರಿ ಬಂದ್ರೆ ನಾನು ಸ್ಕೂಟರ್ ಎಲ್ಲಿ ಬಿಚ್ಲಿ? ನಿಮ್ ತಲೆ ಮೇಲಾ?"

"ಅಂಗಡಿ ಒಳಗೆ ಬಿಚ್ಚೋ. ಅದಕ್ಕೇ ಅಲ್ವೇನೋ ಅಂಗಡಿ ಅನ್ನೋದು! ಒಳಗೆ ಅದೇನ್ ಬಚ್ಚಿಟ್ಟಿದ್ದೀಯ, ಎರಡನೇ ಹೆಂಡ್ತೀನಾ?"

ಎಲ್ಲರೂ ನಕ್ಕರು. ನಾನು ವಿರೋಧ ಪಕ್ಷದವಳು, ನಗುವಂತಿಲ್ಲ. ಕಸದ ಚೀಲವನ್ನೇ ಮುಖಕ್ಕೆ ಅಡ್ಡ ಹಿಡಿದೆ. ಥೂ, ಮೀನಿನ ವಾಸನೆ.

ಮಾರ್ಚ್ 11, ಮಂಗಳವಾರ

ಅತ್ತೆ ಸೈಕಲ್ಲಿನಿಂದ ಬಿದ್ದರು. ನಮ್ಮ ಅಂಗಡಿಯ ಎದುರಿಗೇ.

ನನ್ನ ಗಿರಾಕಿಗಳ ಸ್ಕೂಟರ್ ಸಾಲು ಬಳಸಿಕೊಂಡು ನಡುರಸ್ತೆಗೆ ಹೋಗಬೇಕಾಯಿತು. ಹಿಂದಿನಿಂದ ಕಾರು. ಹಾರ್ನು... ಪುಣ್ಯ, ಕಾರು ನಿಂತಿತು. ಮೊಣಕಾಲು ತರಚಿದೆ, ಅಷ್ಟೇ. ರಸ್ತೆ ತುಂಬ ಮೂಲಂಗಿ.

ಸೌಟು ಹಿಡಿದುಕೊಂಡೇ ಓಡಿದೆ. ಅಳು ಬಂದುಬಿಟ್ಟಿತು.

"ಏನ್ ಅಳ್ತೀಯ? ದೋಸೆ ಸೀದ್ ಹೋಗ್ತಿದೆ, ನೋಡು ಹೋಗು" ಅಂದರು.

ನಿಜ, ಸೀದಿತ್ತು. ಅದಕ್ಕಾಗಿ ಕಾಯುತ್ತಿದ್ದವನ ಸ್ಕೂಟರೇ ಅತ್ತೆಗೆ ಅಡ್ಡ ನಿಂತಿದ್ದು.

ಮಾರ್ಚ್ 13, ಗುರುವಾರ

ಸಭೆ ನಡೆಯಿತು ಅನ್ನಲೋ, ಎದ್ದು ಓಡಿತು ಅನ್ನಲೋ!

ದೇವಸ್ಥಾನದ ಅಂಗಳ. ಬಂದವರಿಗೆಲ್ಲ ಟಿಶ್ಯೂ ಕಟ್ಟು ಪುಕ್ಕಟೆ, ಹಾಗಾಗಿ ಬರದವರಿಲ್ಲ. ಮುಗಿಸಿಕೊಂಡು ಹಾಗೇ ಎಸೆದು ಹೋಗೋಣವೆಂದು ಎಲ್ಲರ ಸ್ಟೂಲಿನ ಕೆಳಗೂ ಕಸದ ಚೀಲ. ಔಯಾಂಗ್ ಗಂಟಲು ಹರಿಯುವಷ್ಟು ಮಾತಾಡಿದ. ಕೊನೆಗೆ ವಾರ್ಡಿನ ಯಜಮಾನರು ಚಿಯು, "ಆಯ್ತಾಯ್ತು. ಸೈಕಲ್ ದಾರಿ ಬೇಕು ಅನ್ನೋರು ಎದ್ ನಿಲ್ರಪ್ಪಾ" ಅಂದರು.

ಅತ್ತೆ ಎದ್ದರು, ಮೊಣಕಾಲಿಗೆ ಪಟ್ಟಿ ಸಮೇತ. ಹೂವಿನಂಗಡಿಯಾಕೆ ಎದ್ದಳು. ಇನ್ಯಾರೂ ಇಲ್ಲ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ನಾನು... ಕೂತೇ ಇದ್ದೆ.

ಅಷ್ಟರಲ್ಲಿ ಹಾಡು! ಗಾಡಿ ಇವತ್ತೇ ಬೇಗ ಬರಬೇಕೆ! ಇಡೀ ಸಭೆ ದಡಕ್ಕನೆ ಎದ್ದಿತು. ಎಲ್ಲರಿಗಿಂತ ಮುಂಚೆ ಔಯಾಂಗ್. ನಾನೂ ಎದ್ದೆ. ಯಜಮಾನರಿಗೆ ಕಿವಿ ಮಂದ, ಕಿವಿಯ ಮೆಷೀನು ಮನೆಯಲ್ಲೇ ಮರೆತಿದ್ದರು. ಕಣ್ಣರಳಿಸಿ ಫೋಟೋ ಹೊಡೆದರು. "ಸರ್ವಾನುಮತ!" ಎಂದು ಖಾಲಿ ಸ್ಟೂಲುಗಳಿಗೆ ತಲೆಬಾಗಿ ವಂದಿಸಿದರಂತೆ. ಫೋಟೋ ಆಗಲೇ ಪಾಲಿಕೆಗೆ ಹೋಗಿದೆ.

ಮಾರ್ಚ್ 15, ಶನಿವಾರ

ರಾದ್ಧಾಂತ. ಔಯಾಂಗ್ ಮನೆಮನೆ ತಿರುಗುತ್ತಿದ್ದಾನೆ. "ಕಸಕ್ಕೆ ಎದ್ದಿದ್ದು ಅಂತ ಹೇಳಿ, ಸಾಕು." ಮಂಗಳವಾರ ಪಾಲಿಕೆಯಿಂದ ಯಾರೋ ಬಂದು ವಿಚಾರಿಸುತ್ತಾರಂತೆ.

ಅತ್ತೆ ನನ್ನನ್ನು ಏನೂ ಕೇಳಿಲ್ಲ. ಅದೇ ಹಿಂಸೆ. ಬೈದಿದ್ದರೆ ನಾನೂ ಬಾಯಿ ಮಾಡಬಹುದಿತ್ತು. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದರು.

"ಇನ್ನೂ ಅದನ್ನ ಹತ್ತೋದುಂಟಾ ಅತ್ತೆ?"

"ಹತ್ತದೆ? ಮೂಲಂಗಿ ತಾನಾಗೇ ನಡ್ಕೊಂಡ್ ಬರುತ್ತಾ?"

ಮಾರ್ಚ್ 18, ಮಂಗಳವಾರ. ಸಂಜೆ

ಬೆಳಗಿನ ವ್ಯಾಪಾರ ಮುಗಿಸಿ ಅಂಗಡಿ ತೊಳೆಯುತ್ತಿದ್ದಾಗ ಬಂದಳು ಪಾಲಿಕೆಯ ಹುಡುಗಿ. ಫೋಟೋ ತೋರಿಸಿದಳು. ಎರಡೂ ಕೈಯಲ್ಲಿ ಚೀಲ ಹಿಡಿದ ಔಯಾಂಗ್, ಹಿಂದೆ ಚೀಲ ಹಿಡಿದು ಬಾಯಿ ತೆರೆದುಕೊಂಡು ನಾನು.

"ಆಂಟಿ, ಬೀದಿಯವರು ಒಬ್ಬೊಬ್ರು ಒಂದೊಂದ್ ಹೇಳ್ತಿದ್ದಾರೆ. ದಾರಿ ಶುರುವಾಗೋದೇ ನಿಮ್ ಅಂಗಡಿ ಮುಂದೆ. ನೀವು ಬೇಡ ಅಂದ್ರೆ ಕೈಬಿಡ್ತೀವಿ. ನೀವು ಎದ್ದಿದ್ದು ಕಸಕ್ಕಾ, ದಾರಿಗಾ?"

ಔಯಾಂಗ್ ಬಾಗಿಲಲ್ಲೇ ನಿಂತಿದ್ದ. ಒಳಗೆ ಅತ್ತೆ ಲೋಟ ತೊಳೆಯುವ ಸದ್ದು ನಿಂತುಹೋಯಿತು.

"ದಾರಿಗೆ" ಅಂದೆ.

"ಸುಳ್ಳು! ಕೈಯಲ್ಲಿ ಚೀಲ ಇದೆಯಲ್ಲಕ್ಕಾ!"

"ಇದ್ರೆ? ಒಂದೇ ಸಲಕ್ಕೆ ಎರಡು ಕೆಲಸ ಮಾಡೋಕೆ ನಿನಗೆ ಬರಲ್ಲ ಅಂತ ನನಗೂ ಬರಬಾರ್ದಾ?"

ಒಳಗೆ ಲೋಟದ ಸದ್ದು ಮತ್ತೆ ಶುರುವಾಯಿತು. ಸ್ವಲ್ಪ ಜೋರಾಗಿಯೇ. "ಔಯಾಂಗ್, ಮಧ್ಯಾಹ್ನ ಮೂಲಂಗಿ ಸಾರು. ಊಟಕ್ ಬಾರೋ" ಎಂದು ಅತ್ತೆ ಕೂಗಿದರು. ಬಂದ. ಮುಖ ಊದಿಸಿಕೊಂಡೇ ಎರಡು ಬಟ್ಟಲು ಕುಡಿದ.

ಇನ್ನು ಗಿರಾಕಿಗಳು ಸ್ಕೂಟರ್ ದೂರ ನಿಲ್ಲಿಸಿ ನಡೆದು ಬರಬೇಕು. ನನ್ನ ನೀರು ಹಿಟ್ಟಿನ ದೋಸೆಗೆ ಯಾರು ನಡೆಯುತ್ತಾರೆ? ಹೆದರಿಕೆಯೇನೋ ಇದೆ. ಆದರೆ ಆ ಹಾರ್ನು ಕೇಳಿಸಿದಾಗ ಆದ ಹೆದರಿಕೆಯ ಮುಂದೆ ಇದು ಏನೇನೂ ಅಲ್ಲ. ಅತ್ತೆಗೆ ಇದನ್ನು ಬಾಯಿಬಿಟ್ಟು ಹೇಳಿಬಿಡಬೇಕು. ಇವತ್ತೇ. ಅತ್ತೆ, ಅವತ್ತು ನಾನು ಎದ್ದದ್ದು ಕಸಕ್ಕೇ, ಆದರೆ ಇವತ್ತು—

ಅಯ್ಯೋ, ಹಾಡು! ಚೀಲ ಇನ್ನೂ ಕಟ್ಟಿಲ್ಲ. ಅತ್ತೆ ಆಗಲೇ ಬೀದಿಯಲ್ಲಿ ನಿಂತು ಕೂಗುತ್ತಿದ್ದಾರೆ—