ಲಿಡಿಯಾಳ ಮುಖವಿಲ್ಲದ ಗೊಂಬೆ

11 ಜನವರಿ, ಗುರುವಾರ
ಎರಡು ಅಬಾಯದ ಉದ್ದ ಕಡಿಮೆ ಮಾಡಿದೆ, ಒಂದು ಯೂನಿಫಾರ್ಮ್‌ಗೆ ಝಿಪ್. ಸಂಜೆ ಕೆಳಗಿನ ಫ್ಲಾಟಿನ ಅಮೆರಿಕದ ಟೀಚರ್ ಲಿಡಿಯಾ ಬಂದಳು. ತೋಳು ಕಿತ್ತುಹೋದ ಹಳೆಯ ಬಟ್ಟೆಗೊಂಬೆ. ಅವಳ ಅಮ್ಮ ಹೊಲಿದದ್ದಂತೆ. ಅಮ್ಮನಿಗೆ ಹುಷಾರಿಲ್ಲ, ಮುಂದಿನ ವಾರ ಊರಿಗೆ ಒಯ್ಯಬೇಕು. “ಓನ್ಲಿ ದಿ ಆರ್ಮ್” ಎಂದಳು.
ಗೊಂಬೆಗೆ ಕಣ್ಣಿಲ್ಲ, ಬಾಯಿಲ್ಲ. ತೊಳೆದೂ ತೊಳೆದೂ ಅಳಿಸಿರಬೇಕು.

12, ಶುಕ್ರವಾರ
ತೋಳು ಹತ್ತು ನಿಮಿಷದ ಕೆಲಸ. ಮಗಳು ನಾಫಿಯಾ ನೋಡಿ, “ಉಮ್ಮಾ, ಸೋ ಕ್ರೀಪಿ! ಗಿವ್ ಹರ್ ಎ ಫೇಸ್” ಎಂದಳು. ಅವಳ ಮಾತು ನೆಪ, ನನ್ನ ಕೈಗೇ ತುರಿಕೆ. ಕಪ್ಪು ನೂಲಿನಲ್ಲಿ ಎರಡು ಕಣ್ಣು, ಕೆಂಪಿನಲ್ಲಿ ನಗು. ಚೆಂದ ಬಂದಿದೆ. ಸರ್‌ಪ್ರೈಸ್ ಆಗಲಿ.

15, ಸೋಮವಾರ
ಲಿಡಿಯಾ ಬಂದಿದ್ದಳು, ಚಹಾ ಕೊಟ್ಟೆ. ಗೊಂಬೆ ತರಲು ಎದ್ದವಳು ಅವಳ ಮಾತಿಗೆ ಮತ್ತೆ ಕೂತೆ. ಅವಳು ಆಮಿಶ್ ಎಂಬ ಹಳೇ ಕಟ್ಟಿನ ಕ್ರೈಸ್ತ ಪಂಗಡದ ಮನೆಯವಳು. ಓಹಾಯೋದಲ್ಲಿ ಅವರದೇ ಜನ, ಅವರದೇ ಜರ್ಮನ್ ಮಾತು, ಕುದುರೆಗಾಡಿ. ಗೊಂಬೆಗೆ ಮುಖ ಮಾಡುವುದಿಲ್ಲ — ಮುಖ ಕೊಡುವವನು ದೇವರೊಬ್ಬನೇ. ದೊಡ್ಡವಳಾಗಿ ದೀಕ್ಷಾಸ್ನಾನ ಆದ ಮೇಲೆ ಪಂಗಡ ಬಿಟ್ಟು ಬಂದದ್ದಕ್ಕೆ ಇವಳಿಗೆ ಬಹಿಷ್ಕಾರ. ಹನ್ನೊಂದು ವರ್ಷ! ಹೋದರೂ ಊಟ ಬೇರೆ ಮೇಜಿನಲ್ಲಿ. ಇವಳ ಕೈಯಿಂದ ಯಾರೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಮೇಜಿನ ಮೇಲಿಟ್ಟರೆ ಎತ್ತಿಕೊಳ್ಳಬಹುದು.
ಅಮ್ಮ ಗೊಂಬೆ ಎತ್ತಿಕೊಂಡರೆ ಸಾಕಂತೆ. ಮಗಳು ಎಲ್ಲವನ್ನೂ ಬಿಟ್ಟಿಲ್ಲ ಎಂದು ಗೊತ್ತಾಗುತ್ತದಂತೆ.
ಗೊಂಬೆ ಡ್ರಾಯರಿನಲ್ಲಿ ನಗುತ್ತಿತ್ತು. ಇನ್ನೂ ಆಗಿಲ್ಲ ಎಂದುಬಿಟ್ಟೆ. ನನ್ನ ಅಜ್ಜಿಯೂ ಗೊಂಬೆಗೆ ಕಣ್ಣು ಬರೆದರೆ ಬೆನ್ನಿಗೆ ಬಾರಿಸುತ್ತಿದ್ದಳು. ಯಾರಿಗಲ್ಲದಿದ್ದರೂ ನನಗೆ ಹೊಳೆಯಬೇಕಿತ್ತು.

16, ಮಂಗಳವಾರ
ಬಿಚ್ಚಿದೆ. ನೂಲು ಬಂತು, ತೂತು ಉಳಿಯಿತು. ಇಸ್ತ್ರಿಗೂ ಮುಚ್ಚಲಿಲ್ಲ.
ಮುಸಫ್ಫಾದ ಕೆಲಸದ ಜಾಗದಿಂದ ನಮ್ಮವರು ಮಸೂದರ ಫೋನ್, ಎಲ್ಲ ಹೇಳಿದೆ. “ಎಂತ ಮಾರಾಯ್ತಿ, ಗೊತ್ತಿಲ್ಲದೆ ಆದದ್ದಲ್ವಾ? ಹೇಳಿಬಿಡು, ಖಲಾಸ್.”
ಮಸೂದರಿಗೆ ಎಲ್ಲವೂ ಖಲಾಸ್.

20, ಶನಿವಾರ
ಕೊಟ್ಟೆ. ಗೊಂಬೆಯ ಟೊಪ್ಪಿಯನ್ನು ಮುಖದ ಮೇಲೆ ಎಳೆದಿಟ್ಟಿದ್ದೆ. ಅವಳು ತೋಳನ್ನಷ್ಟೇ ಜಗ್ಗಿ ನೋಡಿದಳು. “ಯು ಆರ್ ಸೋ ಕೈಂಡ್” ಎಂದು ತಬ್ಬಿಕೊಂಡಳು. ಏರ್‌ಪೋರ್ಟ್ ಟ್ಯಾಕ್ಸಿ ಕೆಳಗೆ ಕಾಯುತ್ತಿತ್ತು.
ಥೂ ನನ್ನ ಜನ್ಮಕ್ಕೆ.

9 ಫೆಬ್ರವರಿ, ಶುಕ್ರವಾರ
ಲಿಡಿಯಾಳ ಮೆಸೇಜ್. ಅಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲವಂತೆ. ಇವಳು ಗೊಂಬೆಯನ್ನು ಮೇಜಿನ ಮೇಲಿಟ್ಟಳು. ಅಮ್ಮ ಎತ್ತಿಕೊಂಡಳು, ಎದೆಗೆ ಒತ್ತಿಕೊಂಡಳು. ಆಮೇಲೆ ಬೆರಳಿನಿಂದ ಮುಖ ಸವರಿದಳು. ಮತ್ತೆ ಸವರಿದಳು. “ಇದಕ್ಕೂ ಮುಖ ಮಾಡಿಸಿದೆಯಾ?” ಎಂದು ಕೇಳಿ, ವಾಪಸ್ ಮೇಜಿನ ಮೇಲೆ ಇಟ್ಟುಬಿಟ್ಟಳು. ಇಲ್ಲ ಎಂದು ಇವಳು ಎಷ್ಟು ಹೇಳಿದರೂ ನಂಬಲಿಲ್ಲ.
ಕೊನೆಯ ಸಾಲು — ಫರ್ಝಾನ, ನಿನಗೇನಾದರೂ ಗೊತ್ತಾ? ನಾನು ಇಲ್ಲಿ ಇನ್ನೆರಡು ದಿನ ಇರುತ್ತೇನೆ.
ಓದಿದ ನೀಲಿ ಟಿಕ್ ಅವಳಿಗೆ ಕಂಡಿರುತ್ತದೆ. ಬೆಳಗಿನಿಂದ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಲಿಡಿಯಾ, ಅದು ನಾನು