ಅಮ್ಮನ ಏಳನೆಯ ಗೆರೆ

ತಾರೀಕು ಹದಿನಾಲ್ಕು, ಮಂಗಳವಾರ
ಮಧ್ಯಾಹ್ನ ಮೂರು ಗಂಟೆ, ಬಸ್ ನಿಲ್ದಾಣದ ಗೂಡಿನಿಂದ

ನೆರೆದಿರುವ ಸಮಸ್ತ ಸಭಿಕರೇ! ಮಂಚದ ಮೇಲೆ ದಿಂಬಿಗೊರಗಿ ಕೂತಿರುವ ನನ್ನ ಪ್ರೀತಿಯ ತಂಗಿಯೇ! ಕುರ್ಚಿಯ ತುದಿಯಲ್ಲಿ ಕೂತು ಈ ಪತ್ರ ಎಂದಿಗೆ ಮುಗಿದೀತೋ ಎಂದು ಕಾಯುತ್ತಿರುವ ಭಾವನವರೇ! ನೆಲದ ತುಂಬ ಹರಡಿಕೊಂಡಿರುವ ಬಾಲಸೈನ್ಯವೇ! ತಮ್ಮೆಲ್ಲರಿಗೂ ಗುಡುಗು ಮಾವನ ನಮಸ್ಕಾರಗಳು, ಆಶೀರ್ವಾದಗಳು, ಜೊತೆಗೆ ಒಂದು ಕೆಮ್ಮು.

ನನ್ನ ಪತ್ರ ಬಂದರೆ ನೀನು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೀಯ ಎಂದು ಗೊತ್ತು. ಅದಕ್ಕೇ ಇಷ್ಟು ನಾಂದಿ. ನಾಂದಿ ಮುಗಿಯಿತು ಪುಟ್ಟಿ. ಮಕ್ಕಳನ್ನು ಆಡಲು ಕಳಿಸು. ಭಾವನವರು ಎದ್ದು ಹೊರಟರೆ ತಡೆಯಬೇಡ. ಇನ್ನು ಮುಂದಿನದನ್ನು ಒಬ್ಬಳೇ ಮನಸ್ಸಿನಲ್ಲಿ ಓದಿಕೊ.

ಕಳೆದ ವಾರ ನೀನು ಒಂದೇ ಪ್ರಶ್ನೆ ಕೇಳಿದ್ದೆ: “ಅಣ್ಣಾ, ನಿನ್ನ ಕೈಲಿ ಆಗ್ತಾ ಇದೆಯಾ? ಆಗದಿದ್ರೆ ನಿಜ ಹೇಳು, ಭಾನುವಾರ ಬಂದು ಅಮ್ಮನ್ನ ಕರ್ಕೊಂಡು ಹೋಗ್ತೀನಿ.” ನಿನ್ನ ಬೆನ್ನಿನ ಆಪರೇಷನ್ ಆಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಅರ್ಧ ಬಕೆಟ್ ನೀರು ಎತ್ತಬಾರದು ಎಂದಿದ್ದಾರೆ ಡಾಕ್ಟರು. ಅಂಥವಳು ಅಮ್ಮನನ್ನು ಎತ್ತಿ ಕೂರಿಸುವ ಮಾತಾಡುತ್ತೀಯ! ಆದರೂ ನಿನ್ನೆ ನಾನು ಉತ್ತರ ಬರೆದಿದ್ದೆ. “ಬಾ, ಕರೆದುಕೊಂಡು ಹೋಗು” ಎಂದೇ ಬರೆದಿದ್ದೆ. ಲಕೋಟೆಗೆ ಅಂಟು ಹಚ್ಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಂಚೆಗೆ ಹಾಕಬೇಕಿತ್ತು. ಹಾಕಲಿಲ್ಲ.

ಅಮ್ಮ ಕ್ಷೇಮ. ನನ್ನನ್ನು ಕಂಡರೆ ಈಗಲೂ ಮುಖ ಅರಳುತ್ತದೆ. ಹಿಂದಿನ ಪತ್ರಗಳಲ್ಲಿ ಬರೆದ ಹಾಗೆ ‘ಮಗನೇ’ ಎಂದೇ ಕರೆಯುತ್ತಾಳೆ.

ನಾನು ಮಾತ್ರ ಸುಸ್ತಾಗಿದ್ದೇನೆ. ಅಯ್ಯೋ, ಎಂಥ ಸುಸ್ತು! ಹತ್ತು ತಲೆಯವನ ಕಿರೀಟ ಹೊತ್ತು ಬೆಳಗಿನ ತನಕ ಕುಣಿದವನು ನಾನು, ಆಗ ಇಂಥ ಸುಸ್ತು ಕಂಡಿರಲಿಲ್ಲ. ಮಧ್ಯಾಹ್ನ ಒಂದರಿಂದ ಒಂಬತ್ತರವರೆಗೆ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಕೂಗುವುದು. ಗಂಟಲು ಹರಿದ ಡೋಲಿನ ಹಾಗಾಗಿದೆ. ಅಷ್ಟು ಹೊತ್ತು ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ನಾನು ಬಾಗಿಲಿಗೆ ಬರುವ ಮೊದಲೇ ಚಪ್ಪಲಿ ಮೆಟ್ಟಿ ನಿಂತಿರುತ್ತಾಳೆ. ಆಮೇಲೆ ಒದ್ದೆಯಾದ ಹಾಸಿಗೆ ಬದಲಿಸಬೇಕು, ತುತ್ತು ಕೊಡಬೇಕು; ಉಗಿದರೆ ಒರೆಸಬೇಕು. ಹನ್ನೊಂದು ವರ್ಷ ನೀನು ಇದನ್ನು ಒಂದು ಮಾತೂ ಆಡದೆ ಮಾಡಿದೆ. ನಾನು ಹಬ್ಬದ ನೆಂಟನ ಹಾಗೆ ಬಂದು ಎರಡು ಡೈಲಾಗು ಹೊಡೆದು ಹೋಗುತ್ತಿದ್ದೆ.

ಅಮ್ಮನನ್ನು ಒಪ್ಪಿಸಿ ಹೊರಡುವಾಗ ನೀನು ಒಂದೇ ಕಟ್ಟಪ್ಪಣೆ ಮಾಡಿದ್ದೆ. “ಊಟ ಹೆಚ್ಚುಕಮ್ಮಿ ಆದ್ರೂ ಆಗ್ಲಿ ಅಣ್ಣಾ, ಬೆಳಿಗ್ಗೆ ಆರು ಗಂಟೆ ತಪ್ಪಿಸಬೇಡ.” ನೀನು ಹೇಳಿದ್ದು ಹೌದು. ಎಲ್ಲ ಮರೆತಿರುವ ಅಮ್ಮನಿಗೆ ಅದೊಂದು ಮರೆತಿಲ್ಲ. ನಾವು ಚಿಕ್ಕವರಿದ್ದಾಗಿನಿಂದ ಹೇಳುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ, ನಾಲ್ಕು ಬೆರಳಿನ ಹನ್ನೆರಡು ಗೆರೆಗಳ ಮೇಲೆ ಹೆಬ್ಬೆರಳು ಸರಿಸುತ್ತ ದೇವರು ಮಾಡಿದ ಉಪಕಾರವನ್ನು ಒಂದೊಂದಾಗಿ ಹೇಳುತ್ತಾಳೆ. “ಇವರು ತೀರ್ಕೊಂಡ ವರ್ಷ ಎರಡು ಮಕ್ಕಳನ್ನ ಕಟ್ಕೊಂಡು ಬೀದಿಲಿ ನಿಂತಿದ್ದೆ, ಅಚ್ಚುಕೂಟದಲ್ಲಿ ಕಾಗದ ಮಡಿಸೋ ಕೆಲಸ ಕೊಡಿಸ್ದೆ ಸ್ವಾಮಿ.” ಅಲ್ಲಿಗೆ ನಿಲ್ಲಿಸುತ್ತಾಳೆ. ಪಕ್ಕದಲ್ಲಿದ್ದವರು “ಕೈಬಿಡಲಿಲ್ಲ” ಎನ್ನಬೇಕು. ಆಮೇಲೆ ಎರಡನೆಯ ಗೆರೆ. “ಹುಡುಗಿಗೆ ಜ್ವರ ನೆತ್ತಿಗೇರ್ದಾಗ, ಬಡಿದ ಕೂಡ್ಲೆ ಬಾಗಿಲು ತೆಗೆಯೋ ಡಾಕ್ಟರನ್ನ ಇಟ್ಟಿದ್ದೆ.” ಕೈಬಿಡಲಿಲ್ಲ. ಹೀಗೆ ಹನ್ನೆರಡು.

ಮೊದಲ ವಾರ ನಾನು ‘ಕೈಬಿಡಲಿಲ್ಲ’ ಎಂದಿದ್ದನ್ನು ನೀನು ಕೇಳಬೇಕಿತ್ತು! ಬಲಗೈ ಎತ್ತಿ, ಎದೆ ಉಬ್ಬಿಸಿ, ಕೊನೆಯ ಅಕ್ಷರವನ್ನು ಮಾಡಿನ ತನಕ ಎಳೆದು. ಮೂರನೆಯ ದಿನ ಪಕ್ಕದ ಮನೆಯ ಟೈಲರಮ್ಮ ಗೋಡೆ ಗುದ್ದಿದಳು. “ಏನ್ರೀ, ದೇವರಿಗೆ ಕಿವಿ ಕೇಳ್ಸಲ್ವಾ?” ಎಂದಳು. ದನಿ ಇಳಿಸಿದೆ. ದನಿ ಇಳಿಸಿದ ಮೇಲೆ ನೋಡಿದರೆ ಒಳಗೆ ಏನೂ ಇರಲಿಲ್ಲ ಪುಟ್ಟಿ. ಭಕ್ತಿ ಎಂದರೆ ಎದೆ ತುಂಬಿ ಬರಬೇಕು ಎಂದುಕೊಂಡಿದ್ದೆ. ನನಗೆ ಬರುತ್ತಿದ್ದದ್ದು ಆಕಳಿಕೆ.

ಸುಸ್ತಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ನಿಜವಾಗಿ ನನ್ನನ್ನು ಓಡಿಸಿದ್ದು ಏಳನೆಯ ಗೆರೆ. “ಬೆಂಕಿ ಬಿದ್ದ ದಿನ” ಎಂದು ಅಮ್ಮ ಬಾಯಿ ತೆರೆದ ಕೂಡಲೇ ನನಗೆ ಹಾಲು ಉಕ್ಕುತ್ತದೆ, ಯಾರೋ ಬಾಗಿಲು ಬಡಿಯುತ್ತಾರೆ, ಚಪ್ಪಲಿ ಹುಡುಕಬೇಕಾಗುತ್ತದೆ. ಇಪ್ಪತ್ತೇಳು ವರ್ಷದಿಂದ ಹೀಗೆಯೇ. ಆ ಗೆರೆಯನ್ನು ನಾನು ಪೂರ್ತಿ ಕೇಳಿದವನೇ ಅಲ್ಲ. ಕಡೆಗೆ, ಪೂರ್ತಿ ಹತ್ತೊಂಬತ್ತು ದಿನ, ಆರಕ್ಕೆ ಐದು ನಿಮಿಷ ಇರುವಾಗಲೇ ಬಚ್ಚಲಿಗೆ ಹೋಗಿ ಚಿಲಕ ಹಾಕಿ ನಲ್ಲಿ ತಿರುಗಿಸಿಟ್ಟು ಕೂತೆ. ನೀರಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ನಿನಗೆ ಮಾತ್ರ “ದಿನಾ ತಪ್ಪದೆ ನಡೆಯುತ್ತಿದೆ” ಎಂದು ಬರೆಯುತ್ತಿದ್ದೆ.

ಬೆಂಕಿಯ ಕಥೆಯನ್ನು ನಾನು ಹೇಳುತ್ತ ಬಂದದ್ದು ಹೀಗೆ: ನಮ್ಮ ನಾಟಕ ಕಂಪನಿಯ ಡೇರೆಗೆ ಹಾಡಹಗಲೇ ಬೆಂಕಿ ಬಿತ್ತು, ಒಳಗೆ ತಾಲೀಮು ನಡೆಯುತ್ತಿತ್ತು, ಅಣ್ಣ ಉರಿಯುವ ಪರದೆ ಹರಿದುಕೊಂಡು ಹೊರಗೆ ಬಂದ. ನಮ್ಮ ಬೀದಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆ! ಈಗ ಕೇಳು. ನಾನು ಅಲ್ಲಿರಲೇ ಇಲ್ಲ. ರಾಕ್ಷಸನ ಪಾತ್ರ ಸಾಕಾಗಿತ್ತು. ಇನ್ನೊಂದು ಕಂಪನಿಯವರು ರಾಜನ ಪಾತ್ರ ಕೊಡುತ್ತಾರೆಂದು ಯಾರಿಗೂ ಹೇಳದೆ ತಾಲೀಮು ಬಿಟ್ಟು ಅವರ ಬಾಗಿಲಲ್ಲಿ ಕೂತಿದ್ದೆ. ಅವರು ರಾಜನ ಪಾತ್ರವನ್ನೂ ಕೊಡಲಿಲ್ಲ, ಕುಡಿಯಲು ನೀರನ್ನೂ ಕೊಡಲಿಲ್ಲ. ವಾಪಸು ಬರುವಷ್ಟರಲ್ಲಿ ಡೇರೆ ಬೂದಿ. ಪುಣ್ಯಕ್ಕೆ ಎಲ್ಲರೂ ಹೊರಗೆ ಬಂದಿದ್ದರು. ಎಲ್ಲಿ ಹೋಗಿದ್ದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಹಾದಿಯಲ್ಲಿ ಚೀಲ ಬಿಚ್ಚಿ ಬಣ್ಣದ ಡಬ್ಬಿ ತೆಗೆದು, ಕೆನ್ನೆಗೆ ಹಣೆಗೆ ಕಾಡಿಗೆ ಬಳಿದುಕೊಂಡೆ. ಅಂಗಿಯ ತೋಳು ಹರಿದು ಕೈಗೆ ಸುತ್ತಿಕೊಂಡೆ. ಕುಂಟುತ್ತ ಬೀದಿಗೆ ಬಂದೆ. ಜನ ಓಡಿ ಬಂದರು ನೋಡು, ಅಂಥ ಪ್ರವೇಶ ಯಾವ ರಾಜನಿಗೂ ಸಿಕ್ಕಿರಲಿಕ್ಕಿಲ್ಲ! ಅಮ್ಮ ಬಿಸಿನೀರು ತಂದು ತಾನೇ ನನ್ನ ಮುಖ ತೊಳೆದಳು. ಮರುದಿನದಿಂದ ಏಳನೆಯ ಗೆರೆ ಶುರುವಾಯಿತು.

ಎಂದೂ ನಡೆಯದ ಪವಾಡಕ್ಕೆ ನಮ್ಮಮ್ಮ ದಿನಾ ದೇವರಿಗೆ ಕೈಮುಗಿಯುತ್ತಿದ್ದಾಳೆ ಎಂದೇ ತಿಳಿದಿದ್ದೆ. ಅದಕ್ಕೆ ನಾನು ‘ಕೈಬಿಡಲಿಲ್ಲ’ ಎನ್ನಬೇಕು. ಯಾವ ಬಾಯಲ್ಲಿ?

ಇವತ್ತು ಬೆಳಿಗ್ಗೆ ಎಂದಿನಂತೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ನೀರಿಲ್ಲ. ಹಳೆಯ ಹಾರ್ಮೋನಿಯಂ ತಿದಿಯ ಹಾಗೆ ಎರಡು ಸಲ ಉಸಿರು ಬಿಟ್ಟು ಸುಮ್ಮನಾಯಿತು. ಅಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು. ಮೊದಲ ಗೆರೆ ಹೇಳಿ ನಿಲ್ಲಿಸಿದಳು. ಪಾಪ, ಯಾರಿಗೆ ಕಾಯುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಗೋಡೆಯ ಆಚೆ ಹೊಲಿಗೆ ಯಂತ್ರ ನಿಂತಿತು. “ಕೈಬಿಡಲಿಲ್ಲ” ಎಂದಳು ಟೈಲರಮ್ಮ. ಯಂತ್ರ ಮತ್ತೆ ಓಡಿತು. ಎರಡನೆಯ ಗೆರೆಗೆ ಮತ್ತೆ ನಿಂತಿತು. “ಕೈಬಿಡಲಿಲ್ಲ.” ನಾನು ಖಾಲಿ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತೆ.

ಏಳನೆಯದು ಬಂತು. ಬಚ್ಚಲಿನಿಂದ ಎಲ್ಲಿಗೆಂದು ಓಡಲಿ? ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಬೆಂಕಿ ಬಿದ್ದ ದಿನ ನನ್ನ ಮಗ ಅಲ್ಲಿರಲಿಲ್ಲ ಸ್ವಾಮಿ. ಎಲ್ಲಿದ್ನೋ ನೀನೇ ಬಲ್ಲೆ. ಮುಖಕ್ಕೆ ಕಾಡಿಗೆ ಬಳ್ಕೊಂಡು ಬಂದ. ಸುಳ್ಳು ಹೇಳೋಕಾದ್ರೂ ಮನೆಗೇ ಬಂದ.”

ಗೋಡೆಯ ಆಚೆಯಿಂದ: “ಕೈಬಿಡಲಿಲ್ಲ.”

ಪುಟ್ಟಿ, ನೀನು ಹನ್ನೊಂದು ವರ್ಷ ಈ ಮಾತಿಗೆ ದನಿಗೂಡಿಸಿದ್ದೀಯ. ನಿನಗೂ ಗೊತ್ತಿತ್ತು. ನಾನು ಬಂದಾಗಲೆಲ್ಲ ಮಕ್ಕಳಿಗೆ ಉರಿಯುವ ಪರದೆಯ ಕಥೆ ಅಭಿನಯಿಸಿ ತೋರಿಸುತ್ತಿದ್ದರೆ ನೀನು ಸೊಪ್ಪು ಬಿಡಿಸುತ್ತ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಒಂದು ಸಲವಾದರೂ “ಸಾಕು ಬಿಡಣ್ಣ” ಎನ್ನಬಾರದಿತ್ತೆ? ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟಾಗಲು ಬೇಕಾದ ಶಕ್ತಿಯೂ ನನ್ನಲ್ಲಿಲ್ಲ.

ನೆಟ್ಟಗೆ ಟೈಲರಮ್ಮನ ಬಾಗಿಲಿಗೆ ಹೋದೆ. ಅಳತೆಯ ಪಟ್ಟಿ ಕೊರಳಲ್ಲಿ, ಗುಂಡುಸೂಜಿ ಬಾಯಲ್ಲಿ. ನನ್ನನ್ನು ಕಂಡು ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು.

“ಬಂದ್ರಾ ಪಾತ್ರಧಾರಿಗಳು? ನಿಮ್ಮ ಮಾತನ್ನ ಎಷ್ಟು ದಿನಾಂತ ನಾನು ಹೇಳ್ಲಿ? ಆ ಮುದುಕಮ್ಮ ನಿಲ್ಲಿಸ್ಕೊಂಡು ಕಾಯ್ತಾರೆ. ಕೇಳಿಸ್ಕೊಂಡು ಸುಮ್ನಿರೋಕಾಗುತ್ತಾ? ಮದುವೆ ರವಿಕೆ ಎರಡು ಕೆಡಿಸಿದೀನಿ.”

ನಾನು ಏನೋ ಗೊಣಗಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಅಂದ ಹಾಗೆ, ಆ ಕಾಡಿಗೆ ಮಗ ನೀವೇನಾ?”

“ಹೌದು” ಎಂದೆ. ಇಪ್ಪತ್ತೇಳು ವರ್ಷದ ಮೇಲೆ ಆ ‘ಹೌದು’ ಹೊರಗೆ ಬಂತು, ಅದೂ ರವಿಕೆ ಹೊಲಿಯುವವಳ ಮುಂದೆ. ಆಮೇಲೆ ಎಲ್ಲ ಹೇಳಿದೆ. ನನಗೆ ದೇವರ ಮುಂದೆ ಮಾತಾಡಲು ಬರುವುದಿಲ್ಲ, ಪಾತ್ರವಿದ್ದರೆ ಮಾತ್ರ ಬರುತ್ತದೆ, ಈಗ ಮೈಯಲ್ಲಿ ಕಸುವೂ ಇಲ್ಲ, ಆಕಳಿಕೆ ಬರುತ್ತದೆ ಎಂದೆ.

“ಆಕಳಿಸ್ಕೊಂಡೇ ಹೇಳಿ” ಎಂದಳು. “ಅವನೇನು ಟಿಕೆಟ್ ತಗೊಂಡು ಮುಂದಿನ ಸಾಲಲ್ಲಿ ಕೂತಿದ್ದಾನಾ? ನಾನೂ ಯಂತ್ರ ನಿಲ್ಸಿದ್ದು ಭಕ್ತಿಯಿಂದಲ್ಲ, ಹೋಗ್ಲಿ ಅಂತ. ಹತ್ತು ದಿನ ಆದ ಮೇಲೆ ನನ್ನ ಮನೆಯಲ್ಲೂ ಏನೇನು ನಡೀತು ಅಂತ ಬೆರಳು ಎಣಿಸೋಕೆ ಶುರು ಮಾಡ್ದೆ. ಈಗ ಐದು ಆಗಿದೆ.” ಇಷ್ಟು ಹೇಳಿ ಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು. ಅದು ನನಗೆ ಹೊರಡು ಎಂಬ ಅಪ್ಪಣೆ.

ನಾನೂ ಕೂತು ಎಣಿಸಿದೆ ಪುಟ್ಟಿ. ಓಡಿಹೋದ ದಿನ, ಸುಳ್ಳು ಹೇಳಿದ ದಿನ, ನೀನು ಒಬ್ಬಳೇ ಅಮ್ಮನನ್ನು ಹೊತ್ತ ಆ ಹನ್ನೊಂದು ವರ್ಷ. ಅಷ್ಟೂ ಕಾಲ ನನ್ನನ್ನು ಯಾರೋ ಹಿಡಿದುಕೊಂಡೇ ಇದ್ದರು. ನಾನು ಮಾತ್ರ ಅದನ್ನು ಚಪ್ಪಾಳೆ ಎಂದು ತಿಳಿದಿದ್ದೆ. ಇದನ್ನು ಬರೆಯುವಾಗಲೂ ಎದೆಯೇನೂ ತುಂಬಿ ಬಂದಿಲ್ಲ. ಸೊಂಟ ನೋಯುತ್ತಿದೆ, ಅಷ್ಟೆ. ಇರಲಿ. ನೋಯುವ ಸೊಂಟವನ್ನೇ ಹೊತ್ತು ದಿನಾ ಆರು ಗಂಟೆಗೆ ಹೋಗಿ ಕೂತರೆ ಅವನು ಬೇಡವೆನ್ನುತ್ತಾನೆಯೆ?

ಆದ್ದರಿಂದ ಉತ್ತರ ಇದು: ಅಮ್ಮನನ್ನು ಕರೆದುಕೊಂಡು ಹೋಗಲು ಬರಬೇಡ. ಬೆನ್ನು ಗಟ್ಟಿಯಾದ ಮೇಲೆ ನೋಡಲು ಬಾ. ಅವಳು ಇಲ್ಲಿಯೇ ಇರುತ್ತಾಳೆ. ನನ್ನ ಕೈಲಿ ಆಗುತ್ತದೆಯೇ ಎಂದು ಕೇಳಿದೆಯಲ್ಲ, ಆಗುವುದಿಲ್ಲ. ಆದರೂ ಮಾಡುತ್ತೇನೆ.

ಮಕ್ಕಳಿಗೆ ಉರಿಯುವ ಪರದೆಯ ಕಥೆಯನ್ನು ಇನ್ನು ನಾನು ಹೇಳುವುದಿಲ್ಲ. ಯಾಕೆಂದು ಕೇಳಿದರೆ ಈ ಪತ್ರವನ್ನೇ ಓದಿ ಹೇಳು.

ಇತಿ ನಿನ್ನ ಅಣ್ಣ,
ಗುಡುಗು

ಇನ್ನೊಂದು ಮಾತು. ಅಮ್ಮ ನನ್ನನ್ನು ‘ಮಗನೇ’ ಎಂದು ಕರೆಯುತ್ತಾಳೆ ಎಂದು ಮೇಲೆ ಬರೆದೆನಲ್ಲ, ಆ ಸಾಲು ಹೊಡೆದುಹಾಕು. ಹಿಂದಿನ ಮೂರು ಪತ್ರಗಳಲ್ಲಿ ಬರೆದದ್ದನ್ನೂ ಹೊಡೆದುಹಾಕು. ಬಂದ ದಿನದಿಂದ ಅವಳಿಗೆ ನನ್ನ ಗುರುತೇ ಇಲ್ಲ. ಈ ಖಾಕಿ ಅಂಗಿ ನೋಡಿ ‘ಬಸ್ಸಿನವರೇ’ ಎನ್ನುತ್ತಾಳೆ. ನಿನಗೆ ಸಂಕಟವಾದೀತೆಂದು ಮುಚ್ಚಿಟ್ಟೆ ಎನ್ನಲೇ? ಇಲ್ಲ, ನನಗೇ ಅವಮಾನವಾಗಿತ್ತು. ಇವತ್ತು ಟೈಲರಮ್ಮನ ಮನೆಯಿಂದ ಬಂದು ಅಮ್ಮನ ಮುಂದೆ ಕೂತು, “ಅಮ್ಮಾ, ಕಾಡಿಗೆ ಬಳ್ಕೊಂಡು ಬಂದವನು ನಾನೇ” ಎಂದೆ. ಅವಳು ಪಾಪ ಎನ್ನುವ ಹಾಗೆ ನೋಡಿ, “ಇಲ್ಲಪ್ಪ, ಅವನು ನಾಟಕದವನು, ಅವನದು ದೊಡ್ಡ ದನಿ. ಅವನು ಬಂದ್ರೆ ಒಂಚೂರು ಒಳಗೆ ಕಳ್ಸಿ” ಎಂದಳು. “ಆಗಲಮ್ಮ” ಎಂದೆ. ನಾಳೆ ಬೆಳಿಗ್ಗೆ ಐದೂವರೆಗೆ ಎದ್ದು ಅವಳ ಮುಖ ತೊಳೆಸುತ್ತೇನೆ. ಆರಕ್ಕೆ ಬಸ್ಸಿನವನಾಗಿಯೇ ಪಕ್ಕದಲ್ಲಿ ಕೂರುತ್ತೇನೆ. ಏಳನೆಯದು ಬಂದಾಗಲೂ ಏಳುವುದಿಲ್ಲ, ಹನ್ನೆರಡಕ್ಕೂ ‘ಕೈಬಿಡಲಿಲ್ಲ’ ಎನ್ನುತ್ತೇನೆ.